ಡಾಕ್ಟರಮ್ಮ ಬಂದಾಗ ಕೂತೇ ಇದ್ದವರು

2016ರಲ್ಲಿ ನಾನು ಲಂಡನ್ ಬ್ರಿಡ್ಜ್ ಸ್ಟೇಷನ್ನಿಗೆ ಹತ್ತಿರದ ಒಂದು ಚಿಕ್ಕ ಕಂಪನಿಯಲ್ಲಿ ಪ್ರಯಾಣಿಕರ ಸುರಕ್ಷತಾ ಮ್ಯಾನೇಜರ್ ಆಗಿದ್ದೆ. ಎರಡೂ ಧ್ರುವಗಳ ಕಡೆಗೆ ಪ್ರವಾಸಿ ಹಡಗು ಕಳಿಸುವ ಕಂಪನಿ ಅದು. ಅದಕ್ಕೂ ಮೊದಲು ಇಪ್ಪತ್ತು ವರ್ಷ ಸರಕು ಹಡಗುಗಳಲ್ಲಿ ದುಡಿದು, ಚೀಫ್ ಆಫೀಸರ್ ಆಗಿದ್ದಾಗ ಬೆನ್ನು ಕೈಕೊಟ್ಟು ಸಮುದ್ರ ಬಿಟ್ಟವನು ನಾನು. ಕ್ಯಾಪ್ಟನ್ ಆಗಲೇ ಇಲ್ಲ. ಆದರೂ ನಾನಿದ್ದ ಲಂಡನ್ನಿನ ಕೆಂಟನ್ ಬಡಾವಣೆಯ ಕನ್ನಡಿಗರಿಗೆ ಬಿಳಿ ಯೂನಿಫಾರ್ಮಿನ ಫೋಟೋ ಇರುವವರೆಲ್ಲ ಕ್ಯಾಪ್ಟನ್ನೇ. ತಿದ್ದಿ ತಿದ್ದಿ ಸಾಕಾಗಿ ನಾನೂ ಆ ಹೆಸರಿಗೆ ಓಗೊಡಲು ಶುರುಮಾಡಿದ್ದೆ.

ನಮ್ಮದು ಎಕ್ಸ್‌ಪೆಡಿಷನ್ ಕ್ರೂಸ್. ಹಾಗೆಂದರೆ ಈಜುಕೊಳ, ನಾಚ್‌ಗಾನಾ ಇರುವ ತೇಲುವ ಹೋಟೆಲಲ್ಲ. ಸಣ್ಣ ಹಡಗು, ನೂರಕ್ಕೆ ಸ್ವಲ್ಪ ಹೆಚ್ಚುಕಡಿಮೆ ಪ್ರಯಾಣಿಕರು. ಅಂಟಾರ್ಕ್ಟಿಕಾದಲ್ಲಿ ಬಂದರು ಎಂಬುದಿಲ್ಲ, ಹಡಗು ನಿಲ್ಲುವ ಕಟ್ಟೆ ಇಲ್ಲ, ಮೆಟ್ಟಿಲಿಲ್ಲ. ಹಡಗು ದೂರದಲ್ಲಿ ನಿಲ್ಲುತ್ತದೆ. ಗಾಳಿ ತುಂಬಿದ ರಬ್ಬರ್ ದೋಣಿಯೊಂದು ಹತ್ತು ಹತ್ತು ಜನರನ್ನು ದಡಕ್ಕೆ ಒಯ್ಯುತ್ತದೆ. ಇದಕ್ಕೆ ಜೋಡಿಯಾಕ್ ಎನ್ನುತ್ತಾರೆ. ಸುತ್ತಲಿನ ದಪ್ಪ ರಬ್ಬರ್ ಕೊಳವೆಯೇ ಅದರ ಅಂಚು, ಅದೇ ಕೂರುವ ಜಾಗ. ಹತ್ತುವಾಗ ದೋಣಿಯವನ ಮುಂಗೈಯನ್ನು ನಾವು ಹಿಡಿಯಬೇಕು, ನಮ್ಮ ಮುಂಗೈಯನ್ನು ಅವನು ಹಿಡಿಯುತ್ತಾನೆ. ಬೆರಳಿಗೆ ಬೆರಳು ಹೆಣೆದರೆ ಒದ್ದೆ ಕೈ ಜಾರುತ್ತದೆ, ಮುಂಗೈ ಜಾರುವುದಿಲ್ಲ. ಇದು ಸೇಲರ್ಸ್ ಗ್ರಿಪ್. ಆಮೇಲೆ ಕೊಳವೆಯ ಮೇಲೆ ಒಂದು ಹೆಜ್ಜೆ, ಒಳಗೆ ಮೆಟ್ಟಿಲಾಗಿ ಇಟ್ಟ ಪೆಟ್ಟಿಗೆಯ ಮೇಲೆ ಒಂದು ಹೆಜ್ಜೆ, ಕೂತು ಜರುಗುವುದು. ಒಮ್ಮೆ ಕೂತ ಮೇಲೆ, ಏಳಿ ಎಂದು ಹೇಳುವ ತನಕ ಏಳಬಾರದು. ಈ ಎರಡು ಹೆಜ್ಜೆ ಇಡಲಾರದವರಿಗೆ ಹಡಗಿನ ಕಿಟಕಿಯಿಂದ ನೋಡುವ ಭಾಗ್ಯ ಮಾತ್ರ. ನಮ್ಮ ಕಂಪನಿಯಂತೂ ಅಂಥವರನ್ನು ಕರೆದೊಯ್ಯುತ್ತಲೇ ಇರಲಿಲ್ಲ. ಯಾರು ಆ ಹೆಜ್ಜೆ ಇಡಬಲ್ಲರು ಎಂದು ಪ್ರವಾಸಕ್ಕೆ ಮೊದಲೇ ನೋಡಿ ಸಹಿ ಹಾಕುವುದು ನನ್ನ ಕೆಲಸ. ನೂರಾರು ಜನರನ್ನು ಹಿಮಕ್ಕೆ ಕಳಿಸಿ, ನಾನು ಮಾತ್ರ ಕೆಂಟನ್‌ನಿಂದ ಟ್ಯೂಬ್ ರೈಲು ಹತ್ತಿ ಆಫೀಸಿಗೆ ಹೋಗಿ ಬರುತ್ತಿದ್ದೆ.

ಆ ವರ್ಷ ಲಂಡನ್ನಿನ ಹದಿನಾರು ಕನ್ನಡಿಗರ ಗುಂಪೊಂದು ಜನವರಿಯ ಅಂಟಾರ್ಕ್ಟಿಕಾ ಯಾನಕ್ಕೆ ಬುಕ್ ಮಾಡಿತು. ಸ್ಟ್ಯಾನ್ಮೋರ್, ಹ್ಯಾರೋ ಕಡೆಯ ಡಾಕ್ಟರ್ ಕುಟುಂಬಗಳೇ ಹೆಚ್ಚು, ಜೊತೆಗೆ ಹೋಟೆಲ್ ನಡೆಸುವ ಉಡುಪಿಯ ದಂಪತಿ. ಗುಂಪಿನ ಮುಂದಾಳು ಮೈಸೂರಿನ ನಾಗರಾಜ್, ಕೆಂಟನ್‌ನಲ್ಲೇ ಜಿಪಿ, ಅಂದರೆ ಬಡಾವಣೆಯ ಡಾಕ್ಟರ್. ಗುಂಪಿನ ಹಿರಿಯರು ಧಾರವಾಡದ ಡಾಕ್ಟರ್ ಸುಶೀಲಾಬಾಯಿ, ಎಪ್ಪತ್ತಾರು ವರ್ಷ. ಇಲ್ಲಿನ ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ವೈದ್ಯೆಯಾಗಿ ದುಡಿದು ನಿವೃತ್ತರಾದವರು. ಗುಂಪಿನ ಅರ್ಧ ಮನೆಗಳ ಮಕ್ಕಳು ಅವರ ಕೈಯಲ್ಲೇ ಹುಟ್ಟಿದವು. ಎಲ್ಲರ ಬಾಯಲ್ಲೂ ಅವರು ಡಾಕ್ಟರಮ್ಮ. ಎರಡೂ ಮಂಡಿಗಳ ಆಪರೇಷನ್ ಆಗಿತ್ತು. ನಡಿಗೆ ನಿಧಾನ, ಆದರೆ ನೇರ.

ಮೊದಲ ಭೇಟಿಯಲ್ಲಿ ನಾನು ಎಲ್ಲರನ್ನೂ ಕೇಳುವಂತೆ ಅವರನ್ನೂ ಕೇಳಿದೆ, ಯಾಕೆ ಹೋಗಬೇಕು ಅಂತಿದ್ದೀರಿ ಎಂದು. ಸಾಮಾನ್ಯವಾಗಿ ಉತ್ತರ ಪೆಂಗ್ವಿನ್ ಎಂದೇ ಇರುತ್ತದೆ.

“ನಲವತ್ತು ವರ್ಷ ಫೋನ್ ಹೊಡಕೊಂಡ ಕೂಡ್ಲೇ ಎದ್ದು ಓಡೀನ್ರಿ. ಇನ್ನ ಮ್ಯಾಲಾದ್ರೂ ಫೋನ್ ಹತ್ತಲಾರದ ಜಾಗಾ ಒಂದು ನೋಡಬೇಕು. ಯಾರೂ ಕರೀಬಾರದು, ನಾನೂ ಏಳಬಾರದು” ಎಂದರು.

ನನಗೆ ಆ ಕ್ಷಣಕ್ಕೇ ಅವರ ಮೇಲೆ ಪ್ರೀತಿ ಹುಟ್ಟಿತು. ನನ್ನ ಕೆಲಸದಲ್ಲಿ ಇದು ಒಳ್ಳೆಯದಲ್ಲ.

ಸೆಪ್ಟೆಂಬರ್‌ನ ಒಂದು ಶನಿವಾರ ವಾಯವ್ಯ ಲಂಡನ್ನಿನ ಒಂದು ಕೆರೆಯಲ್ಲಿ ಅಭ್ಯಾಸ ಇಟ್ಟುಕೊಂಡೆವು. ಬಾಡಿಗೆಗೆ ತಂದ ಜೋಡಿಯಾಕ್, ದಡದಿಂದ ನೀರಿನೊಳಕ್ಕೆ ಚಾಚಿದ ಮರದ ಜೆಟ್ಟಿ, ಎಲ್ಲರಿಗೂ ಲೈಫ್ ಜಾಕೆಟ್. ಬಂದವರು ಪಿಕ್‌ನಿಕ್ಕಿಗೆ ಬಂದಂತೆ ಬಂದಿದ್ದರು. ಚಿತ್ರಾನ್ನದ ಡಬ್ಬಿ, ಫ್ಲಾಸ್ಕು, ಕ್ಯಾಮೆರಾ. ಒಂದು ಗಂಟೆ ನಿಯಮ ವಿವರಿಸಿದೆ. ಕೂತವರು ಏಳಬಾರದು ಎಂಬುದನ್ನು ಮೂರು ಸಲ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಓದಿದವರಿಗೆ ಪಾಠ ಹೇಳುವುದರಲ್ಲಿ ಇರುವ ತೊಂದರೆ ಇದೇ, ತಲೆ ಬಹಳ ಚೆನ್ನಾಗಿ ಆಡಿಸುತ್ತಾರೆ.

ನಮ್ಮ ಪದ್ಧತಿಯಂತೆ ಗಟ್ಟಿಗರನ್ನು ಮೊದಲು ಹತ್ತಿಸಿ, ನಿಧಾನದವರನ್ನು ಕೊನೆಗೆ ಇಟ್ಟುಕೊಂಡೆ. ದೋಣಿಯಲ್ಲಿ ಭಾರ ಕೂತ ಮೇಲೆ ಅದು ಕಡಿಮೆ ಅಲುಗುತ್ತದೆ. ನಾಗರಾಜ್ ಸೇರಿ ಒಂಬತ್ತು ಜನ ಎರಡೂ ಬದಿಗೆ ಶಿಸ್ತಾಗಿ ಕೂತರು, ಉಳಿದ ಆರು ಜನ ಮುಂದಿನ ಸರದಿಗೆ ದಡದಲ್ಲಿ ಕಾದರು. ಕೊನೆಗೆ ಡಾಕ್ಟರಮ್ಮ ಬಂದರು. ದೋಣಿಯೊಳಗೆ ನಿಂತ ನನ್ನ ಮುಂಗೈ ಹಿಡಿದು ಬಲಗಾಲನ್ನು ಕೊಳವೆಯ ಮೇಲೆ ಇಟ್ಟರು.

ಒಂಬತ್ತೂ ಜನ ಎದ್ದು ನಿಂತರು.

ಯಾರೂ ಹೇಳಿರಲಿಲ್ಲ, ಯಾರೂ ಯೋಚಿಸಲೂ ಇಲ್ಲ. ಹಿರಿಯರು ಬಂದರು, ಎದ್ದರು, ಅಷ್ಟೇ. “ಬನ್ನಿ ಬನ್ನಿ ಡಾಕ್ಟರಮ್ಮ”, “ಇಲ್ಲಿ ಕೂತ್ಕೊಳ್ಳಿ, ಇಲ್ಲಿ ಜಾಗ ಇದೆ” ಎನ್ನುತ್ತ ನಾಲ್ಕಾರು ಕೈಗಳು ಜೆಟ್ಟಿಯ ಕಡೆಗೆ ಚಾಚಿದವು. ಭಾರವೆಲ್ಲ ಒಂದೇ ಬದಿಗೆ ಬಂದು ದೋಣಿ ಆ ಕಡೆ ವಾಲಿತು, ಜೆಟ್ಟಿಯಿಂದ ಆಚೆ ಸರಿಯಿತು. ನಾನೇ ಆಯ ತಪ್ಪಿ ಮಂಡಿಯೂರಿದೆ, ನನ್ನ ಹಿಡಿತ ಬಿಟ್ಟಿತು. ಒಂದು ಕಾಲು ದೋಣಿಯ ಮೇಲೆ, ಒಂದು ಕಾಲು ಜೆಟ್ಟಿಯ ಮೇಲೆ ಇದ್ದ ಡಾಕ್ಟರಮ್ಮ ಎರಡರ ನಡುವಿನ ನೀರಿಗೆ ಬಿದ್ದರು.

ಲೈಫ್ ಜಾಕೆಟ್ ಅವರನ್ನು ಕೂಡಲೇ ಮೇಲಕ್ಕೆ ತಂದಿತು. ತಲೆ ನೀರಿನ ಮೇಲೆ ಬಂದದ್ದೇ ಅವರು ಹೇಳಿದ ಮೊದಲ ಮಾತು, “ಎಲ್ಲಾರೂ ಕೂಡ್ರಿ!” ಒಬ್ಬರೂ ಕೂರಲಿಲ್ಲ. ಅಳುವವರು, ಕೈ ಚಾಚುವವರು, ನೀರಿಗೆ ಹಾರಲು ಹೊರಟವರು. ದೋಣಿಯೇ ಮಗುಚುವ ಹಾಗಾಗಿತ್ತು. ನಾನು ಬಾಯಿಗೆ ಬಂದಂತೆ ಗದರಿಸಿ ಅವರನ್ನೆಲ್ಲ ಕೂರಿಸಿ, ಜೆಟ್ಟಿಯಲ್ಲಿದ್ದ, ದೋಣಿ ಬಾಡಿಗೆಗೆ ಕೊಟ್ಟವನ ಜೊತೆ ಸೇರಿ ಡಾಕ್ಟರಮ್ಮನನ್ನು ಮೇಲಕ್ಕೆತ್ತಿದೆ. ಮೈಗೆ ಪೆಟ್ಟಾಗಿರಲಿಲ್ಲ. ಕನ್ನಡಕ ಮಾತ್ರ ಕೆರೆಯ ಪಾಲಾಯಿತು.

ಅವರ ಮಗ ಅಜಿತ್ ಮರುದಿನವೇ ಫೋನ್ ಮಾಡಿದ. ಇಲ್ಲೇ ಹುಟ್ಟಿ ಬೆಳೆದವನು, ಅವನೂ ಡಾಕ್ಟರ್. ಕನ್ನಡ ತಿಳಿಯುತ್ತದೆ, ಮಾತು ಇಂಗ್ಲಿಷ್. “ಶಿ ಈಸ್ ನಾಟ್ ಗೋಯಿಂಗ್” ಎಂದು ಶುರುಮಾಡಿ, ಅಲ್ಲಿ ಮಂಡಿಗೋ ಎದೆಗೋ ಏನಾದರೂ ಆದರೆ ಆಸ್ಪತ್ರೆಗೆ ತರಲು ಹಡಗು ಎಷ್ಟು ದಿನ ಹಿಂದಕ್ಕೆ ಸಾಗಬೇಕು ಎಂದು ಕೇಳಿದ. ಎರಡು ದಿನ, ಸಮುದ್ರ ಕೆಟ್ಟಿದ್ದರೆ ಇನ್ನೂ ಹೆಚ್ಚು ಎಂದೆ. ಅವನು ಫೋನ್ ಇಟ್ಟ. ಅವನ ಭಯ ಸುಳ್ಳಾಗಿರಲಿಲ್ಲ.

ಗುಂಪಿನವರದು ಬೇರೆಯೇ ರಾಗ. ನಾಗರಾಜ್ ಮನೆಗೇ ಬಂದು, “ಏನೂ ಯೋಚನೆ ಮಾಡ್ಬೇಡಿ ಕ್ಯಾಪ್ಟನ್. ನಾವು ಆರು ಜನ ರೊಟೇಷನ್ ಹಾಕ್ಕೊಂಡು ಡಾಕ್ಟರಮ್ಮನ್ನ ಹಿಡ್ಕೋತೀವಿ, ಹೂವಿನ ಥರ ಎತ್ಕೊಂಡು ಹೋಗ್ತೀವಿ” ಎಂದರು.

ಕೆರೆಗೆ ಬೀಳಿಸಿದ್ದೇ ಆ ಹೂವೆತ್ತುವ ಕೈಗಳು ಎಂದು ಹೇಳಬೇಕೆನಿಸಿತು. ಮನೆಗೆ ಬಂದವರಿಗೆ ಹಾಗೆ ಹೇಳಲಾಗದೆ ಕಾಫಿ ಕೊಟ್ಟು ಕಳಿಸಿದೆ.

ಆಫೀಸಿನಲ್ಲಿ ನನ್ನ ಮೇಲಧಿಕಾರಿ ಹೆಲೆನ್ ನಿರ್ಧಾರವನ್ನು ನನಗೇ ಬಿಟ್ಟಳು. ಬೇಡ ಎನ್ನುವುದು ಎಲ್ಲಕ್ಕಿಂತ ಸುಲಭವಿತ್ತು. ಎಪ್ಪತ್ತಾರು ವರ್ಷ, ಎರಡು ಮಂಡಿ, ಅಭ್ಯಾಸದಲ್ಲೇ ನೀರಿಗೆ ಬಿದ್ದವರು ಎಂದು ಬರೆದರೆ ಜಗತ್ತಿನಲ್ಲಿ ಯಾರೂ ನನ್ನನ್ನು ಪ್ರಶ್ನಿಸುತ್ತಿರಲಿಲ್ಲ. ಹಾವೂ ಸಾಯುತ್ತಿತ್ತು, ಕೋಲೂ ಮುರಿಯುತ್ತಿರಲಿಲ್ಲ. ಸಂಜೆ ಅದನ್ನೇ ಯೋಚಿಸುತ್ತ ಕೂತಿದ್ದಾಗ ಹೆಂಡತಿ ಅಡುಗೆಮನೆಯಿಂದ, “ಹ್ವಾಯ್, ಎಂತ ಯೋಚ್ನಿ? ಆ ಡಾಕ್ಟರಮ್ಮಂದಾ? ಅವ್ರನ್ನೇ ಒಂದ್ಸಲ ಕೇಣಿ ಕಾಂಬ” ಎಂದಳು. ಅಷ್ಟು ದಿನ ಮಗನ ಮಾತು ಕೇಳಿದ್ದೆ, ಗುಂಪಿನ ಮಾತು ಕೇಳಿದ್ದೆ. ಬಿದ್ದವರನ್ನು ಕೇಳಿರಲಿಲ್ಲ.

ಕೇಳಲು ನಾನು ಹೋಗುವ ಮೊದಲೇ ಡಾಕ್ಟರಮ್ಮ ಆಫೀಸಿಗೆ ಬಂದರು, ಹೊಸ ಕನ್ನಡಕ ಹಾಕಿಕೊಂಡು, ಒಬ್ಬರೇ, ಸ್ಟ್ಯಾನ್ಮೋರ್‌ನಿಂದ ಟ್ಯೂಬಿನಲ್ಲಿ. ಲಿಫ್ಟು ಕೆಟ್ಟಿತ್ತು. ಎರಡು ಮಹಡಿ ಮೆಟ್ಟಿಲು ಹತ್ತಿಯೇ ಬಂದಿದ್ದರು. ಉಸಿರು ಸುಧಾರಿಸಿಕೊಂಡು ಕೇಳಿದರು.

“ಬಿದ್ದಾಕಿ ನಾನು, ಖರೆ. ಆದ್ರ ಎದ್ದವರು ಯಾರ್ರೀ?”

ನಾನು ಅವರಿಗೆ ಕುರ್ಚಿ ಎಳೆದು ಕೊಟ್ಟೆ.

“ಅವರು ಎದ್ದಿದ್ದಕ್ಕ ನಾ ಮನ್ಯಾಗ ಕೂಡಬೇಕೇನು? ಇನ್ನೊಂದು ಸಲ ಹತ್ತಿಸಿ ನೋಡ್ರಿ. ಕಾಲು ನಡುಗಿದ್ರ ನಾನs ಬ್ಯಾಡ ಅಂತೀನಿ. ನೀವು ಹೇಳೂದು ಬ್ಯಾಡ.”

ಅವರನ್ನೇ ಮೊದಲು ಹತ್ತಿಸಿದರೆ ಆಗದೇ ಎಂದು ಓದುಗರು ಕೇಳಬಹುದು. ಹತ್ತುವಾಗ ಆದೀತು. ಆದರೆ ದಡ ಮುಟ್ಟಿದ ಮೇಲೆ ಅವರು ಇಳಿಯಲು ಎದ್ದ ಕೂಡಲೇ ದಾರಿ ಬಿಡಲು ಎಲ್ಲರೂ ಏಳುತ್ತಾರೆ. ಮರಳುವಾಗ ಮತ್ತೆ ಅದೇ ಕಥೆ. ಅಲ್ಲಿನ ನೀರು ಸೊನ್ನೆ ಡಿಗ್ರಿಯ ಆಸುಪಾಸು, ನಮ್ಮ ಕೆರೆಯಂತೆ ಕನ್ನಡಕವನ್ನಷ್ಟೇ ತೆಗೆದುಕೊಂಡು ಬಿಡುವುದಿಲ್ಲ. ಹಾಗಾಗಿ ರಿಪೇರಿಯಾಗಬೇಕಾದದ್ದು ಸರದಿಯಲ್ಲ. ಕೂತಿದ್ದ ಒಂಬತ್ತು ಜನರ ಕಾಲುಗಳು.

ಎರಡು ವಾರ ಬಿಟ್ಟು ಮತ್ತೆ ಅದೇ ಕೆರೆಗೆ ಎಲ್ಲರನ್ನೂ ಕರೆದೆ. ಅಜಿತನನ್ನೂ ಕರೆದೆ. ಬೇಡ ಎನ್ನುವುದಾದರೆ ಕಣ್ಣಾರೆ ನೋಡಿ ಬೇಡ ಎನ್ನಲಿ ಎಂದು. ಈ ಸಲ ಚಿತ್ರಾನ್ನದ ಡಬ್ಬಿಗಳಿರಲಿಲ್ಲ. ಜೆಟ್ಟಿಯ ಮೇಲೆ ಅಮ್ಮನ ಮೊಣಕೈ ಹಿಡಿದೇ ಬಂದ ಮಗನಿಗೆ ಡಾಕ್ಟರಮ್ಮ, “ಅಜಿತ, ಕೈ ಕಿಸೆದಾಗ ಇಡು” ಎಂದರು. ಅವನು ಇಟ್ಟುಕೊಂಡ. ಕಿಸೆಯೊಳಗೂ ಅವನ ಮುಷ್ಟಿ ಬಿಗಿಯಾಗಿದ್ದದ್ದು ಹೊರಗೆ ಕಾಣುತ್ತಿತ್ತು.

ಒಂಬತ್ತು ಜನ ಕೂತರು. ಡಾಕ್ಟರಮ್ಮ ಕಾಲೆತ್ತಿದರು. ನಾಲ್ಕು ಜನ ಅರ್ಧ ಎದ್ದರು. ನಾಯಿ ಬಾಲ ಡೊಂಕು ಎಂದು ನಾನು ಮನಸ್ಸಿನಲ್ಲೇ ಬೈದುಕೊಂಡೆ. ನಾಗರಾಜ್ ನಾಚಿಕೊಂಡು, “ಏನ್ ಮಾಡೋದು ಕ್ಯಾಪ್ಟನ್, ತಲೆಗೆ ಗೊತ್ತಾಗುತ್ತೆ, ಕಾಲು ಕೇಳಲ್ಲ” ಎಂದರು. ನಾನು ಬಾಯಿ ತೆರೆಯುವ ಮೊದಲೇ ಡಾಕ್ಟರಮ್ಮ ಎತ್ತಿದ ಕಾಲನ್ನು ಹಿಂದಕ್ಕೆ ಜೆಟ್ಟಿಯ ಮೇಲೆ ಇಟ್ಟು ನಿಂತರು.

“ನೀವು ಕೂತ ಮ್ಯಾಲೆ ಬರತೀನಿ. ನನಗೇನು ಅವಸರ ಇಲ್ರೀ. ಒಂದೊಂದು ಹೆರಿಗಿಗೆ ರಾತ್ರಿ ಹಗಲು ಕಾದಾಕಿ ನಾನು.”

ಮತ್ತೆ ಕಾಲೆತ್ತಿದರು. ಇಬ್ಬರು ಎದ್ದರು. ಕಾಲು ಹಿಂದಕ್ಕೆ. ಮತ್ತೊಮ್ಮೆ. ಹೋಟೆಲಿನ ಯಜಮಾನರು ಅಂಚಿನ ಹಗ್ಗವನ್ನು ಎರಡೂ ಕೈಯಲ್ಲಿ ಬಿಗಿಹಿಡಿದು, ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಕೂತರು. ಅವರ ಹೆಂಡತಿ ಗಂಡನ ತೊಡೆಯ ಮೇಲೆ ಕೈಯೂರಿ ಅದುಮಿ ಹಿಡಿದರು. ಕೂತೇ ಇರುವುದು ಇಷ್ಟು ಕಷ್ಟದ ಕೆಲಸ ಎಂದು ನಾನು ಹಡಗಿನ ಅಷ್ಟು ವರ್ಷಗಳಲ್ಲಿ ಕಂಡಿರಲಿಲ್ಲ. ನಗು ಬರುತ್ತಿತ್ತು, ಆದರೂ ನಗಲಿಲ್ಲ. ಏಕೆಂದರೆ ಅವರು ಎದ್ದು ನಿಲ್ಲುತ್ತಿದ್ದದ್ದು ಮೊಂಡುತನದಿಂದಲ್ಲ, ಆ ಹೆಂಗಸಿನ ಮೇಲಿನ ಪ್ರೀತಿಯಿಂದ.

ಕೊನೆಗೆ ಯಾರೂ ಏಳಲಿಲ್ಲ. ಡಾಕ್ಟರಮ್ಮ ನನ್ನ ಮುಂಗೈ ಹಿಡಿದರು. ನನ್ನ ಕೈ ತಾನಾಗಿಯೇ ಅವರನ್ನು ಒಳಕ್ಕೆ ಎಳೆಯತೊಡಗಿತು.

“ಎಳೀಬ್ಯಾಡ್ರಿ. ನೀವು ಗಟ್ಟಿ ನಿಂತ್ರ ಸಾಕು, ನಾ ಹಿಡಕೊಂಡು ಬರತೀನಿ.”

ನಿಂತೆ. ಕೊಳವೆಯ ಮೇಲೆ ಒಂದು ಹೆಜ್ಜೆ, ಪೆಟ್ಟಿಗೆಯ ಮೇಲೆ ಒಂದು ಹೆಜ್ಜೆ. ಕೂತರು, ಜರುಗಿದರು. ದೋಣಿ ಅಲುಗಲೇ ಇಲ್ಲ. ನನ್ನ ಮುಂಗೈಯ ಮೇಲೆ ಅವರ ಬೆರಳಿನ ಗುರುತು ಮೂಡಿತ್ತು. ಅದನ್ನು ನೋಡಿ ಅವರು, “ಹೆರಿಗಿ ಹೊತ್ತಿನಾಗ ಹೆಣ್ಣಮಕ್ಕಳು ನನ್ನ ಕೈನೂ ಹಿಂಗs ಹಿಡೀತಿದ್ರು. ನಾ ಎಂದೂ ಎಳದಿಲ್ಲ. ಎಳದ್ರ ಆಗೂದಿಲ್ಲ ಅದು” ಎಂದರು.

ಅದೇ ರೀತಿ ಮತ್ತೆ ಐದು ಸಲ ಹತ್ತಿಸಿ ಇಳಿಸಿದೆ. ಐದೂ ಸಲ ಕಾಲು ಗಟ್ಟಿಯಾಗಿತ್ತು. ಜೆಟ್ಟಿಯ ಮೇಲಿದ್ದ ಅಜಿತ್ ನನ್ನ ಬಳಿ ಬಂದು, ಏನೂ ಆಗುವುದಿಲ್ಲ ಎಂದು ಗ್ಯಾರಂಟಿ ಕೊಡುತ್ತೀರಾ ಎಂದು ಕೇಳಿದ. ಇಲ್ಲ ಎಂದೆ. ನಿಮ್ಮಮ್ಮ ಆ ಹೆಜ್ಜೆ ಇಡಬಲ್ಲರು ಎಂದಷ್ಟೇ ನಾನು ಸಹಿ ಹಾಕುವುದು, ಸಮುದ್ರಕ್ಕೆ ನಾನು ಸಹಿ ಹಾಕಲಾರೆ ಎಂದೆ. ಅವನು ಕಿಸೆಯಿಂದ ಕೈ ಹೊರಗೆ ತೆಗೆದ. ಆಮೇಲೆ “ಓಕೆ” ಎಂದ. ಅಷ್ಟು ಭಾರದ ಓಕೆಯನ್ನು ನಾನು ಮತ್ತೆ ಕೇಳಿಲ್ಲ.

ಸಹಿ ಹಾಕಿದೆ. ಒಂದು ಷರತ್ತನ್ನೂ ಸೇರಿಸಿದೆ. ಡಾಕ್ಟರಮ್ಮ ಹತ್ತುವಾಗ ಅಥವಾ ಇಳಿಯುವಾಗ ಯಾರಾದರೂ ಒಬ್ಬರು ಎದ್ದರೂ ಆ ದೋಣಿ ಹಡಗಿಗೆ ವಾಪಸ್.

ಜನವರಿಯಲ್ಲಿ ಅವರು ಹೊರಟರು. ಕಳಿಸಿದವನ ಪಾಡು ಹೋದವರಿಗೆ ಗೊತ್ತಾಗುವುದಿಲ್ಲ. ಹಡಗಿನಿಂದ ದಿನಕ್ಕೊಂದು ವರದಿ ಆಫೀಸಿಗೆ ಬರುತ್ತಿತ್ತು. ಗಾಳಿ, ಅಲೆ, ಎಲ್ಲಿ ಇಳಿದರು, ಎಲ್ಲರೂ ಕ್ಷೇಮ. ಅದರಲ್ಲಿ ಹೆಸರುಗಳಿರುವುದಿಲ್ಲ. ನಾನು ಬೆಳಗ್ಗೆ ಕೋಟು ಬಿಚ್ಚುವ ಮೊದಲು ಅದನ್ನು ಓದುತ್ತಿದ್ದೆ. ಹೆಲೆನ್ ಒಂದು ದಿನ, ಅಲ್ಲಿ ಏನಾದರೂ ಆಗಿದ್ದರೆ ವರದಿಗಿಂತ ಮೊದಲೇ ಫೋನ್ ಬರುತ್ತಿತ್ತಲ್ಲ ಎಂದು ತಮಾಷೆ ಮಾಡಿದಳು. ಆಮೇಲಿಂದ ಫೋನ್ ಹೊಡೆದುಕೊಂಡ ಕೂಡಲೇ ನಾನು ಎದ್ದು ನಿಲ್ಲುತ್ತಿದ್ದೆ. ಡಾಕ್ಟರಮ್ಮನಂತೂ ಒಂದು ಮೆಸೇಜೂ ಕಳಿಸಲಿಲ್ಲ, ಮಗನಿಗೂ ಇಲ್ಲ. ಫೋನ್ ಹತ್ತದ ಜಾಗದ ಹಟ ಅವರದು.

ಹದಿನಾರೂ ಜನ ಮೂಗು ಕಪ್ಪಾಗಿ, ಕ್ಷೇಮವಾಗಿ ಹಿಂದಿರುಗಿದರು. ಡಾಕ್ಟರಮ್ಮ ಒಂದೂ ಇಳಿದಾಣವನ್ನು ಬಿಟ್ಟಿರಲಿಲ್ಲ ಎಂದು ನಾಗರಾಜ್ ಹೇಳಿದರು. ಮೊದಲ ದಿನ ದಡದಲ್ಲಿ ಒಂದು ಬಂಡೆಯ ಮೇಲೆ ಕೂತವರು, ವಾಪಸ್ ಕರೆಯುವ ತನಕ ಅಲ್ಲಿಂದ ಏಳಲಿಲ್ಲವಂತೆ. ಪೆಂಗ್ವಿನ್ನುಗಳ ಕಡೆ ನೋಡಲೂ ಇಲ್ಲವಂತೆ. ಏನು ನೋಡುತ್ತಿದ್ದೀರಿ ಎಂದು ಇವರು ಕೇಳಿದರೆ, “ಸುಮ್ಮನ ಕೂತೀನಿ, ಹಂಗs ಬಿಡ್ರಿ” ಎಂದರಂತೆ.

ನನ್ನ ಕಥೆ ಮುಗಿಯಬೇಕಾದದ್ದು ಅಲ್ಲಿಗೆ. ಆದರೆ ಯುಗಾದಿ ಕಳೆದ ಮೇಲಿನ ಶನಿವಾರ ಕೆಂಟನ್‌ನ ಹಾಲ್ ಒಂದರಲ್ಲಿ ಕನ್ನಡಿಗರ ಹಬ್ಬದೂಟವಿತ್ತು. ಡಾಕ್ಟರಮ್ಮನಿಗೆ ಒಂದು ಸನ್ಮಾನವನ್ನೂ ಇಟ್ಟುಕೊಂಡಿದ್ದರು. ಯಾನಕ್ಕೆ ಹೋದವರೆಲ್ಲ ಎರಡನೇ ಸಾಲಿನಲ್ಲಿ ಒಟ್ಟಿಗೆ ಕೂತಿದ್ದರು, ನನ್ನನ್ನೂ ಅಲ್ಲೇ ಎಳೆದು ಕೂರಿಸಿಕೊಂಡಿದ್ದರು. ಅಜಿತನ ಜೊತೆ ಡಾಕ್ಟರಮ್ಮ ಬಾಗಿಲಲ್ಲಿ ಕಾಣಿಸಿದ್ದೇ ತಡ, ಹಾಲ್ ಹಾಲೇ ಎದ್ದು ನಿಂತಿತು.

ನಮ್ಮ ಸಾಲು ಮಾತ್ರ ಏಳಲಿಲ್ಲ. ಹದಿನೈದು ಜನ ಹದಿನೈದು ಕುರ್ಚಿಗಳ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು, ಅವರ ಜೊತೆ ನಾನೂ. ಹಿಂದಿನ ಸಾಲಿನಿಂದ ಯಾರೋ, “ನೋಡಿ, ಒಂದು ಮರ್ಯಾದೆ ಬೇಡ್ವಾ ಇವ್ರಿಗೆ” ಎಂದರು. ನಾಗರಾಜ್ ಅವರ ಮಗಳು, ಡಾಕ್ಟರಮ್ಮನ ಕೈಯಲ್ಲೇ ಹುಟ್ಟಿದವಳು, ಕೆಂಪಾಗಿ, “ಡ್ಯಾಡ್! ಸ್ಟ್ಯಾಂಡ್ ಅಪ್!” ಎಂದು ಪಿಸುಗುಟ್ಟಿದಳು. ನಾಗರಾಜ್ ಕದಲಲಿಲ್ಲ.

ವೇದಿಕೆಗೆ ಮೂರು ಮೆಟ್ಟಿಲಿದ್ದವು, ಹಿಡಿದುಕೊಳ್ಳಲು ಕಂಬಿ ಇರಲಿಲ್ಲ. ಸಮಿತಿಯ ಇಬ್ಬರು ಎತ್ತಿಕೊಳ್ಳಲು ಮುಂದೆ ಓಡಿದರು. ಅಜಿತ್ ಅವರನ್ನು ಕಣ್ಣಲ್ಲೇ ತಡೆದ. ತಾನು ಮೊದಲ ಮೆಟ್ಟಿಲು ಹತ್ತಿ, ತಿರುಗಿ, ತನ್ನ ಮುಂಗೈಯನ್ನು ಅಮ್ಮನ ಮುಂದೆ ಚಾಚಿ ನಿಂತ. ಎಳೆಯಲಿಲ್ಲ, ಮೊಣಕೈ ಹಿಡಿಯಲಿಲ್ಲ. ಡಾಕ್ಟರಮ್ಮ ಆ ಕೈಯನ್ನು ಒಂದು ಕ್ಷಣ ನೋಡಿದರು. ಆಮೇಲೆ ಹಿಡಿದರು.

ಸಮುದ್ರದಲ್ಲಿ ಮತ್ತು ಆಫೀಸಿನ ಕುರ್ಚಿಯಲ್ಲಿ ಒಟ್ಟು ಮೂವತ್ತು ವರ್ಷ ಕಳೆದ ನನಗೆ ವೃತ್ತಿ ಕಲಿಸಿದ ಪಾಠ ಏನೆಂದು ಜನ ಕೇಳುತ್ತಾರೆ. ಗಾಳಿ, ಅಲೆ, ಹಿಮ ಎಂದೇನೋ ಹೇಳುತ್ತೇನೆಂದು ಕಾಯುತ್ತಾರೆ. ನಾನು ಕಲಿತದ್ದು ಅಷ್ಟು ದೊಡ್ಡದಲ್ಲ. ಒಬ್ಬರಿಗೆ ಆಸರೆಯಾಗುವುದೆಂದರೆ ಕೈ ಚಾಚಿ ಗಟ್ಟಿಯಾಗಿ ನಿಂತು ಕಾಯುವುದು. ಹಿಡಿಯುವುದು ಅವರ ಕೆಲಸ. ಉಳಿದವರಿಗೆಲ್ಲ ತಮ್ಮ ಜಾಗದಲ್ಲಿ ಅಲುಗದೆ ಕೂತಿರುವುದೇ ಕೆಲಸ, ಅದೂ ಮರ್ಯಾದೆಯೇ.

ಡಾಕ್ಟರಮ್ಮ ಒಂದೊಂದೇ ಮೆಟ್ಟಿಲು ಹತ್ತಿ ವೇದಿಕೆ ಸೇರಿದರು. ಕುರ್ಚಿಯಲ್ಲಿ ಕೂತು ಸೆರಗು ಸರಿಮಾಡಿಕೊಂಡರು. ಹಾಲ್ ಇನ್ನೂ ನಿಂತೇ ಇತ್ತು. ಅವರು ಎರಡನೇ ಸಾಲಿನ ನಮ್ಮನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ, ಮೈಕು ಇಲ್ಲದೆಯೇ ಎಲ್ಲರಿಗೂ ಕೇಳುವಂತೆ ಹೇಳಿದರು.

“ಹೂಂ, ಇನ್ನ ಏಳ್ರಿ.”

ನಾವೆಲ್ಲ ಎದ್ದು ನಿಂತೆವು.